ಗಾಜು ತಡೆದ ಬಿಸಿಲು

ಎರಡು ವರ್ಷ ದಾಟಿದ ಮಗು ನಡೆಯದಿದ್ದರೆ ಬೀದಿಯವರೆಲ್ಲ ಡಾಕ್ಟರಾಗುತ್ತಾರೆ. ಗಾಜಣ್ಣನ ಮಗಳ ವಿಷಯದಲ್ಲೂ ಹಾಗೇ ಆಯಿತು.

ಕಿಟಕಿಗೆ ಗಾಜು ಕೂರಿಸುವುದು, ಕನ್ನಡಿ ಕತ್ತರಿಸುವುದು ಅವನ ಕಸುಬು. ಬೀದಿಯವರು ಇಟ್ಟ ಹೆಸರು ಗಾಜಣ್ಣ. ನೆಲಮಹಡಿಯಲ್ಲಿ ಅಂಗಡಿ, ಮೂರನೇ ಮಹಡಿಯಲ್ಲಿ ಮನೆ. ಮನೆಯಲ್ಲಿ ಅವನ ತಾಯಿ, ಹೆಂಡತಿ ಮತ್ತು ಒಬ್ಬಳೇ ಮಗಳು. ಮಗಳನ್ನು ಅಜ್ಜಿ ‘ಬುಗುರಿ’ ಎಂದು ಕರೆಯುತ್ತಿದ್ದಳು. ತೊಟ್ಟಿಲಲ್ಲಿದ್ದಾಗ ಮಗು ಒಂದು ಕಡೆ ನಿಲ್ಲದೆ ಹೊರಳುತ್ತಿತ್ತಂತೆ.

ಆದರೆ ಆ ಬುಗುರಿ ಈಗ ಕೂತಲ್ಲೇ ಕೂರುತ್ತಿತ್ತು. ಗೋಡೆ ಹಿಡಿದು ಎರಡು ಹೆಜ್ಜೆ ಇಟ್ಟರೆ ಅಳು, ಎತ್ತಿಕೊಂಡರೆ ಸುಮ್ಮನೆ.

“ಎತ್ತಿಕೊಂಡು ಎತ್ತಿಕೊಂಡು ಆ ಕಾಲಿಗೆ ಕೆಲಸವೇ ಇಲ್ಲದ ಹಾಗೆ ಮಾಡಿದಾರೆ” ಎಂದಳು ಎದುರು ಮನೆಯ ದರ್ಜಿಯ ಹೆಂಡತಿ.

“ಅವಳ ಅಪ್ಪನೂ ತಡವಾಗಿಯೇ ನಡೆದಿದ್ದು. ಮಾತಾಡೋದು ಮಾತ್ರ ಬೇಗ ಕಲಿತ, ಇನ್ನೂ ನಿಲ್ಲಿಸಿಲ್ಲ” ಎಂದಳು ಅಜ್ಜಿ.

ಎತ್ತಿಕೊಳ್ಳುತ್ತಿದ್ದುದು ನಿಜ. ಅದಕ್ಕೆ ಕಾರಣವೂ ಇತ್ತು. ಗಾಜಿನ ಕೆಲಸದ ಮನೆಯಲ್ಲಿ ಎಷ್ಟು ಗುಡಿಸಿದರೂ ಒಂದು ಚೂರು ಎಲ್ಲೋ ಉಳಿದೇ ಇರುತ್ತದೆ. ಹಾಗಾಗಿ ಮಗುವಿನ ಪಾದ ಅಂಗಡಿಯ ನೆಲಕ್ಕೂ ಮುಂದಿನ ಬೀದಿಗೂ ತಾಗಕೂಡದು ಎಂಬುದು ಮನೆಯ ನಿಯಮ. ಹೊರಗೆ ಹೋಗಬೇಕಾದರೆ ತಾಯಿ ಸೆರಗಿನಲ್ಲಿ ಸುತ್ತಿ ಸೊಂಟದ ಮೇಲೆ ಹೊತ್ತು ಹೋಗುತ್ತಿದ್ದಳು.

ಮಗುವಿಗೆ ಬಿಸಿಲು ಬೇಕು ಎಂಬುದು ಗಾಜಣ್ಣನಿಗೆ ಗೊತ್ತಿತ್ತು. ಮಗು ಕೂಸಾಗಿದ್ದಾಗ ಕೆಮ್ಮು ಹಿಡಿದು ಬಿಡದೇ ಹೋದಾಗ, ಅವನು ಬಾಲ್ಕನಿಯ ಮೂರೂ ಕಡೆ ನೆಲದಿಂದ ಸೂರಿನವರೆಗೆ ಗಾಜು ಹಾಕಿಬಿಟ್ಟ. ಧೂಳಿಲ್ಲ, ಗಾಳಿಯಿಲ್ಲ, ಕಣ್ಣು ಕುಕ್ಕುವಷ್ಟು ಬೆಳಕು. ಮಧ್ಯೆ ಒಂದು ಹಾಸಿಗೆ, ನಾಲ್ಕು ಆಟಿಕೆ. ದಿನಾ ಊಟದ ಹೊತ್ತಿನವರೆಗೂ ಬುಗುರಿ ಅಲ್ಲೇ. ಬೀದಿಯವರು ಬಂದು ನೋಡಿ ಹೊಗಳಿದರು. ಅದನ್ನು ನೋಡಿಯೇ ಗಾಜಣ್ಣನಿಗೆ ಇನ್ನೂ ಕೆಲವು ಮನೆಗಳ ಕೆಲಸ ಸಿಕ್ಕಿತು.

ಹುಟ್ಟಿದಾಗ ಆಸ್ಪತ್ರೆಯವರು ವಿಟಮಿನ್ ಡಿ ಹನಿ ಬರೆದುಕೊಟ್ಟಿದ್ದರು. ಮೊದಲ ಬಾಟಲಿ ಮುಗಿಯಿತು. “ಬಿಸಿಲಲ್ಲೇ ಬೆಳೆಯೋ ಮಗುವಿಗೆ ಹನಿ ಯಾಕೆ?” ಎಂದು ಗಾಜಣ್ಣ ಎರಡನೆಯದನ್ನು ತರಲಿಲ್ಲ.

ಒಂದು ದಿನ ಪಕ್ಕದ ಚಿಕಿತ್ಸಾಲಯದ ನರ್ಸಕ್ಕ ಅಂಗಡಿಗೆ ಬಂದಳು. ಅಲ್ಲಿನ ಔಷಧಿ ಬೀರುವಿನ ಬಾಗಿಲ ಗಾಜು ಬಿರುಕು ಬಿಟ್ಟಿತ್ತು. ಅಳತೆಗೆಂದು ಒಂದು ದಾರದ ತುಂಡು ಹಿಡಿದುಕೊಂಡು ಬಂದಿದ್ದಳು.

ಗಾಜಣ್ಣ ದಾರವನ್ನು ಎರಡು ಸಲ ಎಳೆದು ನೋಡಿದ. “ಅಕ್ಕ, ಈ ಅಳತೆಗೆ ನಾನು ರಬ್ಬರಿನ ಗಾಜು ಮಾಡಬೇಕಾಗುತ್ತೆ.”

“ನಿಮ್ಮ ಟೇಪು ಎತ್ತಿಕೊಂಡು ನೀವೇ ಬನ್ನಿ ಹಾಗಾದರೆ. ನಾನು ಸೂಜಿ ಚುಚ್ಚೋಳು, ಗಾಜು ಕೊಯ್ಯೋಳಲ್ಲ.”

ಅಷ್ಟರಲ್ಲಿ ಮಗುವಿನ ತಾಯಿ ಬುಗುರಿಯನ್ನು ಸೊಂಟದ ಮೇಲಿಟ್ಟುಕೊಂಡು ಮೆಟ್ಟಿಲಿಳಿದು ಬಂದಳು. ನರ್ಸಕ್ಕ ಮಾತಾಡಿಸುತ್ತಾ ಮಗುವಿನ ಕೈ ಹಿಡಿದಳು. ಹಿಡಿದ ಕೈಯನ್ನು ಬಿಡಲಿಲ್ಲ. ಮಣಿಕಟ್ಟನ್ನು ಬೆರಳಿಂದ ಸವರಿ ನೋಡಿದಳು. ಇನ್ನೊಂದು ಕೈಯನ್ನೂ ನೋಡಿದಳು.

“ಇದು ಯಾವಾಗಿಂದ ಹೀಗಿದೆ, ತಂಗಿ? ಚರ್ಮದ ಒಳಗೆ ಬಳೆ ತೊಡಿಸಿದ ಹಾಗೆ ದಪ್ಪ ಆಗಿದೆಯಲ್ಲ.”

“ಮಗು ಗುಂಡಗಿದೆ ಅಂದ್ಕೊಂಡೆ ಅಕ್ಕ.”

“ಉಳಿದ ಕಡೆ ಗುಂಡಗಿಲ್ಲವಲ್ಲ. ರಾತ್ರಿ ತಲೆ ಬೆವರುತ್ತಾ?”

“ದಿಂಬು ಒದ್ದೆ ಆಗುತ್ತೆ. ಸೆಕೆ ಅಂದ್ಕೊಂಡ್ವಿ.”

“ಹಲ್ಲು?”

“ತಡವಾಗಿಯೇ ಬಂತು.”

ನರ್ಸಕ್ಕ ಮೆಟ್ಟಿಲ ಬಳಿಯ ಚಾಪೆಯ ಮೇಲೆ ಮಗುವನ್ನು ನಿಲ್ಲಿಸಿ, ಎರಡೂ ಪಾದ ಜೋಡಿಸಿದಳು. ಪಾದಗಳು ಕೂಡಿದವು, ಮೊಣಕಾಲುಗಳು ಕೂಡಲಿಲ್ಲ. ಅವುಗಳ ನಡುವೆ ಒಂದು ಮುಷ್ಟಿ ಹಿಡಿಸುವಷ್ಟು ಜಾಗವಿತ್ತು. ಬುಗುರಿ ಅಳತೊಡಗಿತು.

“ಇದು ಸೋಮಾರಿತನ ಅಲ್ಲ. ಕಾಲು ನೋಯುತ್ತಿದೆ ಅದಕ್ಕೆ. ನಾಳೆನೇ ಮಕ್ಕಳ ಡಾಕ್ಟರ ಹತ್ತಿರ ಕರ್ಕೊಂಡು ಬನ್ನಿ” ಎಂದಳು ನರ್ಸಕ್ಕ.

ಮಾರನೆಯ ದಿನ ಅತ್ತೆ ಸೊಸೆ ಇಬ್ಬರೂ ಮಗುವನ್ನು ಕರೆದೊಯ್ದರು. ಎಕ್ಸ್‌ರೇ ಆಯಿತು, ರಕ್ತ ಪರೀಕ್ಷೆ ಆಯಿತು. ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಎಲುಬಿನ ತುದಿ ಎಲ್ಲಿ ಕುಂಚದ ಹಾಗೆ ಹರಡಿಕೊಂಡಿದೆ ಎಂದು ತೋರಿಸಿದರು.

“ಇದಕ್ಕೆ ರಿಕೆಟ್ಸ್ ಅಂತಾರೆ. ಎಲುಬು ಮೆತ್ತಗಾಗಿದೆ, ಮೈಭಾರಕ್ಕೆ ಬಾಗ್ತಾ ಇದೆ. ವಿಟಮಿನ್ ಡಿ ತೀರಾ ಕಡಿಮೆ ಇದೆ. ಊಟದಲ್ಲಿರೋ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, ಮೈಗೆ ಸೇರೋಕೆ ಅದೇ ಬೇಕು. ಅದಿಲ್ಲದೆ ಹೋದರೆ, ಇಟ್ಟಿಗೆ ಬಾಗಿಲ ಮುಂದೆ ಬಿದ್ದಿದೆ, ಒಳಗೆ ಹೊತ್ತು ಹಾಕೋರು ಯಾರೂ ಇಲ್ಲ ಅನ್ನೋ ಹಾಗೆ.”

ತಾಯಿ ಮಗುವನ್ನು ಎದೆಗೆ ಅವಚಿಕೊಂಡಳು. “ಆಪರೇಷನ್ ಮಾಡ್ತೀರಾ? ಕಂಬಿ ಹಾಕ್ತೀರಾ?”

“ಈಗ ಏನೂ ಬೇಡ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತೀವಲ್ಲ. ನೆಟ್ಟಗಾಗೋದಕ್ಕೂ ಅದೇ ಮಾತು. ಈಗ ಔಷಧಿ ಕೊಟ್ಟರೆ ಬೆಳೀತಾ ಬೆಳೀತಾ ಬಹಳಷ್ಟು ಮಕ್ಕಳಿಗೆ ತಾನಾಗೇ ನೆಟ್ಟಗಾಗುತ್ತೆ. ತಡ ಮಾಡಿದರೆ ಬಾಗಿದ ಹಾಗೇ ಗಟ್ಟಿಯಾಗಬಹುದು. ಆಗ ಆಪರೇಷನ್ ಮಾತು ಬರುತ್ತೆ. ಮಗುವಿಗೆ ಬಿಸಿಲೇ ಸಿಕ್ತಾ ಇಲ್ವಾ?”

“ದಿನಾ ಬಿಸಿಲಲ್ಲೇ ಇರ್ತಾಳೆ” ಎಂದಳು ಅಜ್ಜಿ. “ನನ್ನ ಮಗ ಅದಕ್ಕೇ ಅಂತ ಗಾಜಿನ ಕೋಣೆ ಕಟ್ಟಿಕೊಟ್ಟಿದಾನೆ.”

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. “ಗಾಜಿನ ಒಳಗಾ? ಕಿಟಕಿ ಮುಚ್ಚಿಕೊಂಡಾ? ಹಾಗಾದರೆ ಅಮ್ಮಾ, ಮಗುವಿಗೆ ಬೇಕಾದ ಬಿಸಿಲು ಸಿಕ್ಕೇ ಇಲ್ಲ.”

ಈ ಮಾತು ಮನೆಗೆ ಬಂದಾಗ ಗಾಜಣ್ಣ ಊಟದ ತಟ್ಟೆ ಪಕ್ಕಕ್ಕೆ ಸರಿಸಿದ.

“ಡಾಕ್ಟರಿಗೆ ಎಲುಬು ಗೊತ್ತಿರಬಹುದು. ಗಾಜು ನನಗೆ ಗೊತ್ತು. ರಕ್ತ ಪರೀಕ್ಷೆಯಲ್ಲೇ ತಪ್ಪಾಗಿದೆ. ಬೇರೆ ಕಡೆ ತೋರಿಸೋಣ. ಅಲ್ಲಿವರೆಗೂ ಆ ಔಷಧಿ ಕೊಡಬೇಡ.”

“ರೀ, ಅವಳ ಕಾಲು ಬಾಗ್ತಾ ಇದೆ.”

“ನಿನಗೊಬ್ಬಳಿಗೇ ಮಗಳಾ ಅವಳು?”

ಔಷಧಿ ಬಾಟಲಿ ಅಡುಗೆಮನೆಯ ಗೂಡಿನಲ್ಲಿ ಮುಚ್ಚಳ ಬಿಚ್ಚದೆ ಕೂತಿತು. ಆ ದಿನ ಹೋಯಿತು, ಮರುದಿನವೂ ಹೋಯಿತು. ತಾಯಿ ಗಂಡನ ಜೊತೆ ಮಾತು ಬಿಟ್ಟಳು. ಕನ್ನಡಿಗೆ ಚೌಕಟ್ಟು ಜೋಡಿಸುವ ಕೆಲಸ ಅವಳದು. ಮೊಳೆಗೆ ಸುತ್ತಿಗೆ ಬೀಳುವ ಸದ್ದಿನಲ್ಲೇ ಅವಳು ಹೇಳಬೇಕಾದುದೆಲ್ಲ ಅವನಿಗೆ ಕೇಳಿಸುತ್ತಿತ್ತು.

ಬೀರುವಿನ ಗಾಜು ತೆಗೆದುಕೊಂಡು ಹೋಗಲು ಬಂದ ನರ್ಸಕ್ಕನ ಮುಂದೆ ಮಾತು ಹೊರಬಿತ್ತು.

“ಮೇಲೆ ಬನ್ನಿ ಅಕ್ಕ, ತೋರಿಸ್ತೀನಿ” ಎಂದು ಗಾಜಣ್ಣ ಅವಳನ್ನು ಬಾಲ್ಕನಿಗೇ ಕರೆದೊಯ್ದ. “ಈ ಪರದೆ ನೋಡಿ. ತಂದಾಗ ಕಡುನೀಲಿ ಇತ್ತು. ಈಗ ಬೂದಿ ಬಣ್ಣ. ಬಿಸಿಲು ಒಳಗೆ ಬರದೇ ಬಣ್ಣ ಹೋಗುತ್ತಾ? ನೆಲ ಮುಟ್ಟಿ ನೋಡಿ, ಎಷ್ಟು ಬಿಸಿ ಇದೆ. ಇಲ್ಲಿ ಬಿಸಿಲಿಲ್ಲ ಅಂದರೆ ಯಾರು ನಂಬ್ತಾರೆ?”

“ಬಣ್ಣ ಹೋಗಿರೋದು ಬಿಸಿಲಿಂದಲೇ, ನಿಜ. ಆದರೆ ಬಿಸಿಲು ಅಂದರೆ ಒಂದೇ ವಸ್ತು ಅಲ್ಲ ಅಣ್ಣ. ಅದರಲ್ಲಿ ಬೆಳಕಿದೆ, ಶಾಖ ಇದೆ, ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳೂ ಇವೆ. ಆ ಕಾಣದ ಕಿರಣಗಳಲ್ಲಿ ನಮ್ಮನ್ನು ಮುಟ್ಟೋದು ಎರಡು ಬಗೆ. ಒಂದು ಬಗೆ ಗಾಜು ದಾಟಿ ಬರುತ್ತೆ. ನಿಮ್ಮ ಪರದೆ ಕೆಡಿಸಿರೋದರಲ್ಲಿ ಅದರ ಕೈವಾಡ ಇದೆ. ಇನ್ನೊಂದು ಬಗೆ ಗಾಜಲ್ಲೇ ನಿಂತುಹೋಗುತ್ತೆ. ನಮ್ಮ ಚರ್ಮದಲ್ಲಿ ವಿಟಮಿನ್ ಡಿ ಮಾಡಿಸೋದು ಆ ಇನ್ನೊಂದು.”

“ನಿಂತುಹೋಗೋದನ್ನು ನೀವು ನೋಡಿದೀರಾ?”

“ಕಾಣದ ಕಿರಣ ಅಂದೆನಲ್ಲ.”

ಅಜ್ಜಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಗಾಜಣ್ಣ ನಗಲಿಲ್ಲ.

“ನೋಡದೇ ಹೇಳೋ ಮಾತಿಗೆ ನಾನು ಗಾಜು ಒಡೆಯಲ್ಲ.”

“ಒಡೀಬೇಡಿ. ಒಂದು ಮಾತು ಹೇಳಿ ಸಾಕು. ಇಂಥ ಕೋಣೆ ಬೇಕು ಅಂತ ಗಿರಾಕಿ ಬಂದರೆ ಏನು ಹೇಳ್ತೀರಿ?”

“ಇದ್ದದ್ದೇ ಹೇಳ್ತೀನಿ. ಧೂಳು ಬರಲ್ಲ, ಗಾಳಿ ಬರಲ್ಲ, ಇಡೀ ದಿನ ಕೂತರೂ ಮೈ ಸುಡಲ್ಲ.”

“ಅಷ್ಟೇ ಹೊತ್ತು ಗಾಜಿಲ್ಲದ ಛಾವಣಿ ಮೇಲೆ ಕೂತರೆ?”

“ಸುಡದೆ ಬಿಡುತ್ತಾ? ಹೋದ ಬೇಸಿಗೆಯಲ್ಲಿ ಛಾವಣಿ ಕೆಲಸಕ್ಕೆ ಹೋಗಿ ನನ್ನ ಕುತ್ತಿಗೆ ಸಿಪ್ಪೆ ಸುಲಿದಿತ್ತು.”

“ಅದೇ ಸೂರ್ಯ, ಅದೇ ಹೊತ್ತು. ಇಲ್ಲಿ ಬೆಚ್ಚಗಿದೆ, ಬೆಳಕಿದೆ. ಮತ್ತೆ ಮೈ ಯಾಕೆ ಸುಡಲ್ಲ?”

ಗಾಜಣ್ಣ ಗಾಜಿನ ಕಡೆ ತಿರುಗಿ ಕುತ್ತಿಗೆ ಸವರಿಕೊಂಡ.

“ಚರ್ಮ ಸುಡೋ ಕಿರಣ ಮತ್ತು ವಿಟಮಿನ್ ಡಿ ಮಾಡಿಸೋ ಕಿರಣ ಎರಡೂ ಹೆಚ್ಚುಕಡಿಮೆ ಒಂದೇ, ಅಣ್ಣ. ನಿಮ್ಮ ಗಾಜು ಅದನ್ನು ಒಳಗೆ ಬಿಡ್ತಾ ಇಲ್ಲ. ನಾನು ನೋಡಿಲ್ಲ. ನಿಮ್ಮ ಕುತ್ತಿಗೆಯೇ ನೋಡಿದೆ.”

ನರ್ಸಕ್ಕ ಹೋದ ಮೇಲೆ ಗಾಜಣ್ಣ ಅಂಗಡಿಗೆ ಇಳಿದು, ತನಗೆ ಹಾಳೆಗಾಜು ಕಳಿಸುವ ಕಾರ್ಖಾನೆಗೆ ಫೋನ್ ಮಾಡಿದ. ಅಲ್ಲಿನ ಗುಣಮಟ್ಟ ನೋಡುವವನು ಹಳೆಯ ಪರಿಚಯ. ಪ್ರಶ್ನೆ ಕೇಳಿದ ಕೂಡಲೇ ಅವನು ಹೆಮ್ಮೆಯಿಂದ ಹೇಳಿದ: “ಅದು ಸಾಮಾನ್ಯ ಕಿಟಕಿ ಗಾಜಿನ ಗುಣವೇ ಕಣಯ್ಯ. ಸುಡೋ ಕಿರಣವನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತೆ. ಯಾಕೆ, ಗಿರಾಕಿ ತಕರಾರು ಮಾಡಿದನಾ?”

“ಇಲ್ಲ” ಎಂದ ಗಾಜಣ್ಣ. “ಗಿರಾಕಿಗೆ ಇನ್ನೂ ಮಾತು ಬಂದಿಲ್ಲ.”

ಮೇಲೆ ಬಂದಾಗ ಹೆಂಡತಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಅವನು ಬಾಗಿಲಲ್ಲೇ ನಿಂತ.

“ನಾನೇ ಅವಳನ್ನು ಡಬ್ಬದಲ್ಲಿಟ್ಟು ಮುಚ್ಚಿಬಿಟ್ಟೆ.”

ಎರಡು ದಿನದ ಮೌನ ಮುರಿದು ಅವಳು ಹೇಳಿದಳು: “ಪ್ರೀತಿಯಿಂದ ಮುಚ್ಚಿದಿರಿ. ಈಗ ತೆಗೀರಿ.”

ಮೊದಲು ತೆಗೆದದ್ದು ಔಷಧಿಯ ಮುಚ್ಚಳ. ಆಮೇಲೆ ಬಾಲ್ಕನಿಯ ಗಾಜು. ಕೂರಿಸಿದ ಹಾಳೆಗಳನ್ನೆಲ್ಲ ಕಳಚಿ, ಹೊರಗಡೆ ಮಗು ತೂರಲಾಗದಂಥ ಒತ್ತೊತ್ತಾದ ಕಂಬಿ ಹಾಕಿಸಿ, ಒಳಗಡೆ ಪಕ್ಕಕ್ಕೆ ಸರಿಯುವ ಗಾಜು ಜೋಡಿಸಿದ. ಬಿಸಿಲ ಹೊತ್ತಿನಲ್ಲಿ ಗಾಜು ಸರಿಸಿದರೆ ಈಗ ಮಗುವಿನ ಮೈಗೂ ಬಿಸಿಲಿಗೂ ನಡುವೆ ಏನೂ ಇರಲಿಲ್ಲ.

ಬೇಗ ಗುಣವಾಗಲಿ ಎಂಬ ಆತುರ ಅಜ್ಜಿಗೆ. ಒಂದು ಬೆಳಗ್ಗೆ ಅವಳು ಚಮಚಕ್ಕೆ ಎರಡನೇ ಸಲ ಔಷಧಿ ಬಗ್ಗಿಸುವುದನ್ನು ಸೊಸೆ ನೋಡಿ ಕೈ ಹಿಡಿದಳು. ಆ ವಾರ ನರ್ಸಕ್ಕ ಬಂದಾಗ ಪಂಚಾಯಿತಿ ಅವಳ ಮುಂದೆ ಹೋಯಿತು.

“ಒಂದು ಚಮಚಕ್ಕೆ ಒಂದು ತಿಂಗಳಾದರೆ ಎರಡು ಚಮಚಕ್ಕೆ ಹದಿನೈದು ದಿನ ತಾನೇ?” ಎಂದಳು ಅಜ್ಜಿ.

“ಒಂದು ಗಂಟೆ ಬೇಯೋ ಅಡುಗೆಗೆ ಎರಡು ಪಾಲು ಬೆಂಕಿ ಹಾಕಿ ನೋಡಿ ಅಮ್ಮ, ಅರ್ಧ ಗಂಟೆಗೆ ಸೀದು ಕೂತಿರುತ್ತೆ. ಅತಿಯಾದರೆ ಅಮೃತವೂ ವಿಷ. ವಿಟಮಿನ್ ಡಿ ಹೆಚ್ಚಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತೆ, ವಾಂತಿ ಆಗುತ್ತೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತೆ. ಡಾಕ್ಟರು ಹೇಳಿದಷ್ಟೇ ಕೊಡಬೇಕು, ಹೇಳಿದಷ್ಟು ದಿನವೂ ಕೊಡಬೇಕು.”

“ಸರಿ. ಬಿಸಿಲಾದರೂ ಹೇಗೆ ಕೊಡಬೇಕು ಹೇಳು. ಎಳೆ ಬಿಸಿಲು ತಾನೇ?”

“ಮುಂಜಾನೆ ಎಳೆ ಬಿಸಿಲಲ್ಲಿ ನಮಗೆ ಬೇಕಾದ ಕಿರಣ ಬಹಳ ಕಡಿಮೆ ಇರುತ್ತೆ. ನಿಮ್ಮ ನೆರಳು ನೋಡ್ಕೊಳ್ಳಿ. ನೆರಳು ನಿಮಗಿಂತ ಗಿಡ್ಡ ಆಗಿದ್ದರೆ ಆ ಕಿರಣ ಚೆನ್ನಾಗಿ ಇದೆ ಅಂತ. ತಲೆಗೆ ಟೋಪಿ ಇರಲಿ, ಕೈಕಾಲು ಬಿಟ್ಟಿರಲಿ. ದಿನಕ್ಕೆ ಸ್ವಲ್ಪ ಹೊತ್ತು, ವಾರದಲ್ಲಿ ಹಲವು ದಿನ.”

“ಸ್ವಲ್ಪ ಅಂದರೆ ಎಷ್ಟು?”

“ಎಲ್ಲರಿಗೂ ಒಂದೇ ಲೆಕ್ಕ ಇಲ್ಲ. ಚರ್ಮ ಕಪ್ಪಗಿದ್ದಷ್ಟೂ ಹೆಚ್ಚು ಹೊತ್ತು ಬೇಕು. ಊರು, ಕಾಲ ಎಲ್ಲದಕ್ಕೂ ತಕ್ಕ ಹಾಗೆ ಬದಲಾಗುತ್ತೆ. ಆದರೆ ಕೆಂಪಾಗೋ ಮುಂಚೆ, ಉರಿಯೋ ಮುಂಚೆ ನೆರಳಿಗೆ ಬಂದುಬಿಡಬೇಕು. ಅದು ಎಲ್ಲರಿಗೂ ಒಂದೇ.”

“ಸೊಪ್ಪು ತರಕಾರಿ ಜಾಸ್ತಿ ಮಾಡಲಾ?” ಎಂದಳು ಸೊಸೆ.

“ಮಾಡಿ, ಬೇರೆ ಎಷ್ಟೋ ಕಾರಣಕ್ಕೆ ಒಳ್ಳೇದು. ಆದರೆ ಸೊಪ್ಪಲ್ಲಿ ವಿಟಮಿನ್ ಡಿ ಇಲ್ಲ. ಅದು ಇರೋ ಆಹಾರವೇ ಕಮ್ಮಿ. ಕೊಬ್ಬಿರೋ ಮೀನಲ್ಲಿ ಚೆನ್ನಾಗಿದೆ, ಮೊಟ್ಟೆಯ ಹಳದಿಯಲ್ಲಿ ಸ್ವಲ್ಪ ಇದೆ. ವಿಟಮಿನ್ ಡಿ ಸೇರಿಸಿದ ಹಾಲು, ಎಣ್ಣೆ ಅಂಗಡಿಯಲ್ಲಿ ಸಿಗುತ್ತೆ, ಪೊಟ್ಟಣದ ಮೇಲೆ ಬರೆದಿರುತ್ತೆ, ಓದಿ ತನ್ನಿ. ಹಾಲು ಮೊಸರು ಬಿಡಬೇಡಿ, ಎಲುಬಿಗೆ ಕ್ಯಾಲ್ಸಿಯಂ ಅಲ್ಲಿಂದ ಬರುತ್ತೆ.” ನಂತರ ಸೊಸೆಯನ್ನೇ ನೋಡುತ್ತಾ ಕೇಳಿದಳು: “ಸೊಂಟ ಹಿಡಿದುಕೊಂಡು ಏಳ್ತೀಯಲ್ಲ, ಎಷ್ಟು ದಿನದಿಂದ?”

“ಮಗು ಹೊತ್ತು ಹೊತ್ತು ನೋವು ಅಕ್ಕ.”

“ಇರಬಹುದು. ಇಲ್ಲದೆಯೂ ಇರಬಹುದು. ನೀನೂ ಇಡೀ ದಿನ ಗಾಜಿನ ಹಿಂದೆಯೇ ಇರೋಳು. ನೀವಿಬ್ಬರೂ ಬಂದು ಡಾಕ್ಟರಿಗೆ ತೋರಿಸಿ.”

ತೋರಿಸಿದರು. ಸೊಸೆಗೂ ಕಡಿಮೆ ಇತ್ತು, ಅತ್ತೆಗೂ ಕಡಿಮೆ ಇತ್ತು. ಮನೆಯ ಗೂಡಿನಲ್ಲಿ ಮೂರು ಬಾಟಲಿಗಳು ನಿಂತವು. ಅದಲುಬದಲಾಗದಿರಲಿ ಎಂದು ಗಾಜಣ್ಣ ಒಂದೊಂದಕ್ಕೂ ಒಂದೊಂದು ಬಣ್ಣದ ಪಟ್ಟಿ ಅಂಟಿಸಿದ.

ಮೊದಲ ಗೆಲುವು ಕಾಲಿನಲ್ಲಿ ಕಾಣಲಿಲ್ಲ, ದಿಂಬಿನಲ್ಲಿ ಕಂಡಿತು. ಕೆಲವು ವಾರಗಳ ನಂತರ ಒಂದು ಬೆಳಗ್ಗೆ ಅದು ಒಣಗಿತ್ತು. ಎಣ್ಣೆ ಹಚ್ಚುವಾಗ ಕಾಲು ಮುಟ್ಟಿದರೆ ಮಗು ಅಳುವುದು ನಿಂತಿತು. ಎರಡನೇ ಎಕ್ಸ್‌ರೇಯಲ್ಲಿ, ಹರಡಿಕೊಂಡಿದ್ದ ಎಲುಬಿನ ತುದಿಯ ಮೇಲೆ ಒಂದು ಬಿಳಿ ಗೆರೆ ಮೂಡಿತ್ತು. “ಹೊಸ ಎಲುಬು ಕಟ್ಟುತ್ತಾ ಇದೆ” ಎಂದರು ಡಾಕ್ಟರಮ್ಮ. ಗಾಜಣ್ಣ ಆ ಎಕ್ಸ್‌ರೇಯನ್ನು ಅಂಗಡಿಗೆ ತಂದು, ಬಂದವರಿಗೆಲ್ಲ ಮಗುವಿನ ಫೋಟೋ ತೋರಿಸುವ ಹಾಗೆ ತೋರಿಸಿದ.

ನಡೆಯಲು ನೆಲ ಬೇಕಲ್ಲ. ಅವನು ಕತ್ತರಿಸುವ ಮೇಜನ್ನು ಅಂಗಡಿಯ ಹಿಂಭಾಗಕ್ಕೆ ಎಳೆದು, ನಡುವೆ ಅಡ್ಡಗೋಡೆ ಹಾಕಿದ. ಮುಂದಿನ ಬೀದಿಯನ್ನು ಪೊರಕೆಯಿಂದ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೊಣಕಾಲೂರಿ ಅಂಗೈಯಿಂದ ಸವರಿ ನೋಡಿದ.

“ಬೀದಿಗೆ ಅಂಗಿ ಹೊಲಿಸೋದೊಂದು ಬಾಕಿ” ಎಂದಳು ದರ್ಜಿಯ ಹೆಂಡತಿ.

“ಅದಕ್ಕೆ ನಿಮ್ಮ ಯಜಮಾನರನ್ನು ಕರೀರಿ” ಎಂದ ಗಾಜಣ್ಣ, ತಲೆಯೆತ್ತದೆ.

ಆ ಬೀದಿಯಲ್ಲಿ, ಗಟ್ಟಿ ಅಡಿಯ ಹೊಸ ಬೂಟು ಹಾಕಿಕೊಂಡು, ಬುಗುರಿ ಅಪ್ಪನ ಕಿರುಬೆರಳು ಹಿಡಿದು ನಡೆಯಿತು. ಸ್ವಲ್ಪ ದೂರ ಹೋದ ಮೇಲೆ ಬೆರಳು ಬಿಟ್ಟಿತು. ಎದುರು ಮನೆಯ ಹೊಲಿಗೆ ಯಂತ್ರದ ಸದ್ದು ನಿಂತಿತು. ಮಗು ಬಾತುಕೋಳಿಯ ಹಾಗೆ ಅತ್ತಿತ್ತ ವಾಲುತ್ತಾ ಮೂಲೆಯವರೆಗೂ ಹೋಗಿ, ತಿರುಗಿ, ಹಿಂದೆ ಬರುತ್ತಿದ್ದ ಅಪ್ಪನಿಗೆ ಢಿಕ್ಕಿ ಹೊಡೆದು ಕೂತಿತು. ಅಳಲಿಲ್ಲ. ಎದ್ದು ಮತ್ತೆ ಹೊರಟಿತು. ದರ್ಜಿಯ ಹೆಂಡತಿ ಬಾಯಿಯಲ್ಲಿದ್ದ ಗುಂಡುಸೂಜಿ ತೆಗೆದು ಚಪ್ಪಾಳೆ ತಟ್ಟಿದಳು. ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ನರ್ಸಕ್ಕ ಯಾವ ಹೊತ್ತಿಗೆ ಸಿಗ್ತಾರೆ? ನನ್ನ ಮೊಮ್ಮಗುವಿಗೂ ಹನಿ ನಿಲ್ಲಿಸಿಬಿಟ್ಟಿದೀವಿ.”

ವರ್ಷ ತುಂಬುವ ಹೊತ್ತಿಗೆ ಮತ್ತೆ ತಪಾಸಣೆ. ಡಾಕ್ಟರಮ್ಮ ಬುಗುರಿಯನ್ನು ನಿಲ್ಲಿಸಿ ಪಾದ ಜೋಡಿಸಿದರು. ಮೊಣಕಾಲುಗಳ ನಡುವೆ ಮುಷ್ಟಿ ಹೋಗಲಿಲ್ಲ. ಎರಡು ಬೆರಳು ಮಾತ್ರ ಹಿಡಿಸಿದವು. “ಇನ್ನು ಉಳಿದದ್ದನ್ನು ಅವಳ ಬೆಳವಣಿಗೆಯೇ ನೋಡಿಕೊಳ್ಳುತ್ತೆ. ಆಪರೇಷನ್ ಬೇಕಾಗಲ್ಲ” ಎಂದರು.

ಅಜ್ಜಿ ಅಲ್ಲೇ ಕುರ್ಚಿಯ ಮೇಲೆ ಕೂತು ಕಣ್ಣೊರೆಸಿಕೊಂಡಳು. ತಾಯಿ ಬಗ್ಗಿ ಮಗುವಿಗೆ ಬೂಟು ತೊಡಿಸಿದಳು.

ಮನೆಗೆ ಬಂದಾಗ, ಮೆಟ್ಟಿಲ ಬುಡದಲ್ಲಿ ಅವಳು ಅಭ್ಯಾಸಬಲದಿಂದ ಮಗುವಿನ ಕಡೆ ಬಾಗಿದಳು. ಬುಗುರಿ ಅಷ್ಟರಲ್ಲಿ ಮೊದಲ ಮೆಟ್ಟಿಲ ಮೇಲಿತ್ತು. ಒಂದು ಕೈಯಲ್ಲಿ ಮೆಟ್ಟಿಲ ಪಕ್ಕದ ಕಂಬಿ, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು. ಹಿಂದೆ ಗಾಜಣ್ಣ, ಬಿದ್ದರೆ ಹಿಡಿಯಲು ಎರಡೂ ಕೈ ಚಾಚಿಕೊಂಡು. ಅವನ ಹಿಂದೆ ಅಜ್ಜಿ, ಮೊಣಕಾಲು ಹಿಡಿದುಕೊಂಡು. ಎರಡನೇ ಮಹಡಿಯಲ್ಲಿ ಅಜ್ಜಿ ಉಸಿರು ತೆಗೆದುಕೊಳ್ಳಲು ನಿಂತಳು. ಮಗು ತಿರುಗಿ ನೋಡಿ, “ಅಜ್ಜಿ, ಬಾ” ಎಂದು ಗದರಿಸಿ, ನಿಲ್ಲದೆ ಹತ್ತಿತು.

ಕೊನೆಯಲ್ಲಿ ತಾಯಿ ಹತ್ತಿದಳು. ಮೂರು ವರ್ಷಗಳಿಂದ ಆ ಮೆಟ್ಟಿಲನ್ನು ಅವಳು ಖಾಲಿ ಕೈಯಲ್ಲಿ ಹತ್ತಿರಲಿಲ್ಲ. ಮೇಲಿನಿಂದ ಬಾಗಿಲು ಬಡಿಯುವ ಸದ್ದು ಕೇಳಿಸಿತು. ಪುಟ್ಟ ಅಂಗೈಯ ಸದ್ದು. ಎಲ್ಲರಿಗಿಂತ ಮೊದಲು ಮನೆ ಮುಟ್ಟಿದವರು ಯಾರು ಎಂದು ಕೇಳಬೇಕಾಗಿರಲಿಲ್ಲ.

ಓದುತ್ತಿರುವ ತಾಯಂದಿರೇ, ತಂದೆಯರೇ, ಅಜ್ಜ ಅಜ್ಜಿಯರೇ,

ನಿಮ್ಮ ಮನೆಯ ಮಗು ನಿಂತಾಗ ಒಮ್ಮೆ ಅದರ ಕಾಲು ನೋಡಿ, ಮಣಿಕಟ್ಟು ಮುಟ್ಟಿ ನೋಡಿ. ಒಂದೂವರೆ ವರ್ಷವಾದರೂ ನಡೆಯದಿದ್ದರೆ, ನಡೆಯುತ್ತಿದ್ದ ಮಗು ಎತ್ತಿಕೋ ಎಂದು ಅಳತೊಡಗಿದರೆ, ಸೋಮಾರಿ ಎಂದು ಹೆಸರಿಡುವ ಮೊದಲು ಡಾಕ್ಟರಿಗೆ ತೋರಿಸಿ. ಎದೆಹಾಲು ಮಗುವಿಗೆ ಉತ್ತಮ ಆಹಾರ, ಆದರೆ ಅದರಲ್ಲಿ ವಿಟಮಿನ್ ಡಿ ಬಹಳ ಕಡಿಮೆ. ಅದಕ್ಕೇ ಹುಟ್ಟಿದ ಮಗುವಿಗೆ ಹನಿ ಬರೆದುಕೊಡುತ್ತಾರೆ. ಡಾಕ್ಟರು ಹೇಳುವವರೆಗೆ ಅದನ್ನು ನಿಲ್ಲಿಸಬೇಡಿ, ಹೇಳಿದ್ದಕ್ಕಿಂತ ಒಂದು ಹನಿ ಹೆಚ್ಚೂ ಹಾಕಬೇಡಿ. ಆರು ತಿಂಗಳೊಳಗಿನ ಕೂಸನ್ನು ಸುಡು ಬಿಸಿಲಿಗೆ ಹಿಡಿಯಬೇಡಿ, ಅದಕ್ಕೆ ಹನಿಯೇ ದಾರಿ. ಬಿಸಿಲು ಕಡಿಮೆ ಇರುವ ಕಾಲದಲ್ಲಿ, ಇಡೀ ದಿನ ಒಳಗೇ ದುಡಿಯುವ ಕೆಲಸದಲ್ಲಿ ದೊಡ್ಡವರಿಗೂ ಕೊರತೆಯಾಗುತ್ತದೆ. ಮೈಕೈ ನೋವನ್ನು ವಯಸ್ಸಿನ ತಲೆಗೆ ಕಟ್ಟುವ ಮೊದಲು ಒಮ್ಮೆ ಕೇಳಿ ತಿಳಿದುಕೊಳ್ಳಿ.

ನಾಳೆ ನಿಮ್ಮ ನೆರಳು ನಿಮಗಿಂತ ಗಿಡ್ಡವಾದಾಗ, ಕಿಟಕಿಯ ಬಳಿ ಕೂತಿರುವ ಮಗುವಿನ ಕೈ ಹಿಡಿದು ಬಾಗಿಲಾಚೆಗೆ ಕರೆದೊಯ್ಯಿರಿ. ಜೊತೆಗೆ ನೀವೂ ಸ್ವಲ್ಪ ಹೊತ್ತು ನಿಲ್ಲಿ.